ತಾಯಿ ಕಾರ್ಡ್ ಗುಳೆ ಹೋಗುವುದಿಲ್ಲ

ತೊಗರಿ ರಾಶಿ ಮುಗಿಯಿತು ಅಂದರೆ ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ತಾಂಡಾಗಳಲ್ಲಿ ಬಾಗಿಲಿಗೆ ಬೀಗ ಬೀಳುತ್ತದೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಅಂತ ಗಂಡ ಹೆಂಡತಿ ಇಬ್ಬರೂ ಗಂಟು ಕಟ್ಟಿ ಕೂಲಿಗೆ ಗುಳೆ ಹೋಗುತ್ತಾರೆ. ಮುದುಕರು ಊರಲ್ಲಿ ಉಳಿಯುತ್ತಾರೆ. ಹೊರಟವರಲ್ಲಿ ಮೂರು ತಿಂಗಳ, ಐದು ತಿಂಗಳ ಬಸುರಿಯರೂ ಇರುತ್ತಾರೆ. ಅವರಿಗಾಗಿ ಸರ್ಕಾರದ ಯೋಜನೆಗಳಿಗೆ ಬರವಿಲ್ಲ. ತೊಂದರೆ ಏನೆಂದರೆ, ಒಂದೇ ಊರಲ್ಲಿ ಒಂಬತ್ತು ತಿಂಗಳು ಕೂತಿರುವ ಹೆಂಗಸನ್ನು ಕಣ್ಣ ಮುಂದಿಟ್ಟುಕೊಂಡೇ ಅವನ್ನೆಲ್ಲ ಮಾಡಲಾಗಿದೆ.

ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಒಂದು ಕಾನೂನು ಬಂತು. ಗುತ್ತಿಗೆದಾರ ಬೇರೆ ರಾಜ್ಯದಿಂದ ಕರೆತಂದ ಕೂಲಿಗಳಿಗೆ ಪುಕ್ಕಟೆ ಚಿಕಿತ್ಸೆ, ವಸತಿ, ಪ್ರಯಾಣದ ಖರ್ಚು ಕೊಡಬೇಕು ಎಂದು ಅದರಲ್ಲಿತ್ತು. ಓದೋಕೆ ಚೆನ್ನಾಗಿತ್ತು. ಆದರೆ ಕನಿಷ್ಠ ಐದು ಜನ ಇರಬೇಕಿತ್ತು, ನಡುವೆ ಗುತ್ತಿಗೆದಾರ ಇರಬೇಕಿತ್ತು, ರಾಜ್ಯದ ಗಡಿ ದಾಟಿರಬೇಕಿತ್ತು. ಔರಾದ್‌ನಿಂದ ಪಕ್ಕದ ಉದಗೀರಕ್ಕೆ ಹೋದವಳು ಆ ಲೆಕ್ಕದಲ್ಲಿ ವಲಸೆ ಹೋದವಳು. ಯಾದಗಿರಿಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರು ಸೇರಿದವಳು ಅಲ್ಲ! 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆ, ತಾವಾಗಿಯೇ ಕೆಲಸ ಹುಡುಕಿ ಹೋದವರನ್ನೂ ಸೇರಿಸಿಕೊಂಡಿತು. ಅದು ಒಳ್ಳೆಯದೇ. ಅದೇ ಹೊತ್ತಿಗೆ ಐದು ಜನ ಇದ್ದದ್ದು ಹತ್ತಾಯಿತು.

ಬಡ ಬಸುರಿಯರ ಕೈಗೆ ಕೇಂದ್ರ ಸರ್ಕಾರ ದುಡ್ಡು ಕೊಡುವ ಯೋಜನೆ 1995ರಲ್ಲಿ ಶುರುವಾಯಿತು. 2005ರಲ್ಲಿ ಅದರ ಜಾಗಕ್ಕೆ ಜನನಿ ಸುರಕ್ಷಾ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ಹಳ್ಳಿಯವಳು ಆಸ್ಪತ್ರೆಯಲ್ಲಿ ಹೆತ್ತರೆ 700 ರೂಪಾಯಿ, ಪೇಟೆಯವಳಿಗೆ 600. ವಯಸ್ಸು 19 ತುಂಬಿರಬೇಕು, ಮೊದಲ ಎರಡು ಹೆರಿಗೆಗೆ ಮಾತ್ರ ಎಂಬ ಷರತ್ತೂ ಇತ್ತು. ಹದಿನೆಂಟಕ್ಕೇ ಬಸುರಾದವಳಿಗೆ, ನಾಲ್ಕನೇ ಹೆರಿಗೆಯವಳಿಗೆ ಅಪಾಯ ಜಾಸ್ತಿ ಅಂತ ಯಾವ ನರ್ಸಮ್ಮನನ್ನು ಕೇಳಿದರೂ ಹೇಳುತ್ತಾರೆ. ಸರಿಯಾಗಿ ಅವರನ್ನೇ ಹೊರಗಿಟ್ಟಿದ್ದರು. ಆ ಷರತ್ತು ಹೋಗಿದ್ದು 2013ರಲ್ಲಿ.

2007ರಲ್ಲಿ ಬಾಣಂತಿಗೂ ಕೂಸಿಗೂ 19 ಸಾಮಾನುಗಳ ಮಡಿಲು ಕಿಟ್ ಬಂತು. 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಬಂತು. ಸರ್ಕಾರಿ ಡಾಕ್ಟರು ಕಮ್ಮಿ ಇರುವ ಜಿಲ್ಲೆಗಳಲ್ಲಿ ಖಾಸಗಿ ಆಸ್ಪತ್ರೆಗಳಿಗೆ ದುಡ್ಡು ಕೊಟ್ಟು ಹೆರಿಗೆ ಮಾಡಿಸುವ ತಾಯಿ ಭಾಗ್ಯವೂ ಬಂತು. ಗುಲ್ಬರ್ಗಾ, ಬೀದರ್ ಅದರ ಮೊದಲ ಪಟ್ಟಿಯಲ್ಲೇ ಇದ್ದವು. ಇದೆಲ್ಲ ಫಲ ಕೊಟ್ಟಿದೆ, ಸುಮ್ನೆ ತೆಗಳುವುದು ಬೇಡ. 2005-06ರಲ್ಲಿ ರಾಜ್ಯದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-20ರ ಹೊತ್ತಿಗೆ ಅದು 97ಕ್ಕೆ ಏರಿತು. ಒಂದು ಲಕ್ಷ ಹೆರಿಗೆಗೆ 213 ಇದ್ದ ತಾಯಂದಿರ ಸಾವು 69ಕ್ಕೆ ಇಳಿಯಿತು.

ಊರು ಬಿಟ್ಟವಳ ಹಕ್ಕಿನ ಪ್ರಶ್ನೆ ನೇರವಾಗಿ ಎದ್ದದ್ದು ದಿಲ್ಲಿ ಹೈಕೋರ್ಟಿನಲ್ಲಿ. ಬಡ ಕುಟುಂಬದ ಒಬ್ಬ ಹೆಂಗಸಿನ ಹೊಟ್ಟೆಯಲ್ಲೇ ಕೂಸು ಸತ್ತಿತ್ತು. ದಿಲ್ಲಿಯ ರೇಷನ್ ಕಾರ್ಡ್ ತೋರಿಸಲಿಲ್ಲ ಎಂದು ಆಕೆಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದರು. ಮುಂದಿನ ಬಸುರಿನಲ್ಲಿ, 2010ರ ಜನವರಿಯಲ್ಲಿ, ಮನೆಯಲ್ಲೇ ಹೆತ್ತು ತೀರಿಕೊಂಡಳು. ಅದೇ ವರ್ಷ ಜೂನ್‌ನಲ್ಲಿ ನ್ಯಾಯಮೂರ್ತಿ ಎಸ್. ಮುರಳೀಧರ್ ತೀರ್ಪು ಕೊಟ್ಟರು. ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಬಂದ ಮಾತ್ರಕ್ಕೆ ಬಡವಳ ಹಕ್ಕು ಹೋಗುವುದಿಲ್ಲ, ಬಡತನಕ್ಕೆ ಕಾಗದ ತಾ ಎಂದು ಪೀಡಿಸುವುದೂ ಸರಿಯಲ್ಲ ಎಂಬುದು ಅದರ ಸಾರ. ಮರುವರ್ಷವೇ, 2011ರ ಜೂನ್‌ನಲ್ಲಿ, ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂತು. ಈಗ ದೇಶದ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಹೆರಿಗೆ, ಸಿಸೇರಿಯನ್, ರಕ್ತ, ಔಷಧಿ ಎಲ್ಲ ಪುಕ್ಕಟೆ. ಸಹಜ ಹೆರಿಗೆಯಾದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟವೂ ಉಂಟು. ಬಿಪಿಎಲ್ಲಾ ಎಪಿಎಲ್ಲಾ ಎಂದು ಕೇಳುವಂತಿಲ್ಲ.

ಅಲ್ಲಿಗೆ ಹೆರಿಗೆ ಕೋಣೆಯ ಬಾಗಿಲು ತೆರೆಯಿತು, ಕನಿಷ್ಠ ಕಾಗದದ ಮೇಲಾದರೂ. ಉಳಿದಿರುವುದು ಅದಕ್ಕೆ ಮುಂಚಿನ ಎಂಟು ತಿಂಗಳು.

ಬಸುರಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡನ್ನೇ ನೋಡಿ. ತೂಕ, ಬಿಪಿ, ರಕ್ತದ ಪ್ರಮಾಣ, ಧನುರ್ವಾಯು ತಡೆಯುವ ಟಿಡಿ ಇಂಜೆಕ್ಷನ್, ಮುಟ್ಟು ನಿಂತ ತಾರೀಕು, ಹೆರಿಗೆಗೆ ಕೊಟ್ಟ ಡೇಟ್, ಒಂದೊಂದಕ್ಕೂ ಒಂದೊಂದು ಮನೆ. ಗುಳೆ ಹೋದವಳ ಕಾರ್ಡಿನಲ್ಲಿ ಮೊದಲ ಸಾಲು ತುಂಬಿರುತ್ತದೆ, ಆಮೇಲೆ ಖಾಲಿ, ಕೊನೆಗೆ ಒಮ್ಮೆಲೇ ಎಂಟನೇ ತಿಂಗಳು. ರಾಜ್ಯದ ಬಸುರಿಯರಲ್ಲಿ ಹೆಚ್ಚುಕಡಿಮೆ ನೂರಕ್ಕೆ 46 ಮಂದಿಗೆ ರಕ್ತ ಕಮ್ಮಿ. ಅದನ್ನು ಸರಿಮಾಡಬೇಕಾದ್ದು ಆ ಖಾಲಿ ಸಾಲುಗಳ ತಿಂಗಳಲ್ಲೇ ಅಲ್ವಾ? ಆಶಾ ಕಾರ್ಯಕರ್ತೆ ಫೋನು ಮಾಡಿದರೆ ಆ ಕಡೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಇಂಥದ್ದು: "ಅಕ್ಕಾ, ಪುಣೆದಾಗ ಅದೀನ್ರಿ. ಗುಳಗಿ ತೀರ್ಯಾವ. ಇಲ್ಲಿ ದವಾಖಾನಿ ಎಲ್ಲಿ ಅದನೋ ಗೊತ್ತಿಲ್ರಿ." ಆಶಾ ತಾನೆ ಏನು ಮಾಡಿಯಾಳು? ತನ್ನ ಪುಸ್ತಕದಲ್ಲಿ 'ಗುಳೆ' ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾಳೆ.

ನಮ್ಮ ಪದ್ಧತಿಯೂ ಇದಕ್ಕೆ ಒಂದು ಗಂಟು ಹಾಕುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಪುಣೆಯಿಂದ ಬಂದವಳು ಇಳಿಯುವುದು ತವರಿನ ದಾರಿಗೆ. ಕಾರ್ಡ್ ಆಗಿದ್ದು ಗಂಡನ ಊರಲ್ಲಿ, ತಿಂಗಳುಗಳು ಕಳೆದದ್ದು ಲೇಬರ್ ಶೆಡ್ಡಿನಲ್ಲಿ, ಹೆರಿಗೆ ಮೂರನೇ ಊರಲ್ಲಿ. ಕಾರ್ಡಿನ ಮೇಲಿನ ಆರ್‌ಸಿಎಚ್ ನಂಬರನ್ನು, ಅಂದರೆ ತಾಯಿ ಮಗುವಿನ ಆರೋಗ್ಯದ ಸರ್ಕಾರಿ ದಾಖಲೆಯ ನಂಬರನ್ನು, ಕಂಪ್ಯೂಟರಿಗೆ ಹಾಕಿದರೆ ಹಿಂದಿನ ವಿವರ ಸಿಗಬೇಕು. ಆದರೆ ನಡುವಿನ ತಿಂಗಳಲ್ಲಿ ಯಾರೂ ಏನೂ ತುಂಬಿಸದಿದ್ದರೆ ಸಿಗುವುದಾದರೂ ಏನು?

ಊಟದ ಕಥೆಯೂ ಇದೇ. 2017ರ ಅಕ್ಟೋಬರ್‌ನಲ್ಲಿ ಬಂದ ಮಾತೃಪೂರ್ಣದಲ್ಲಿ ಅನ್ನ ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಇದ್ದವು. ಆದರೆ ಅಂಗನವಾಡಿಗೇ ಬಂದು ಉಣ್ಣಬೇಕಿತ್ತು. ರೇಷನ್ ಅಕ್ಕಿಯನ್ನು ಈಗ ದೇಶದಲ್ಲಿ ಎಲ್ಲಿ ಬೇಕಾದರೂ ಹೆಬ್ಬೆಟ್ಟು ಒತ್ತಿ ತೆಗೆದುಕೊಳ್ಳಬಹುದು. ಬಸುರಿಯ ಊಟಕ್ಕೆ ಆ ಸುಲಭ ಇನ್ನೂ ಬಂದಿಲ್ಲ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ಹೆಸರು ವರ್ಗ ಮಾಡುವ ಅವಕಾಶವಿದೆ. ಕಟ್ಟಡ ಏಳುತ್ತಿರುವ ಜಾಗದ ಹತ್ತಿರ ಅಂಗನವಾಡಿ ಇರಬೇಕು, ಅಷ್ಟೇ.

ನಾವೂ ಬರೀ ಕಳಿಸುವವರಲ್ಲ. ಕಬ್ಬು ಕಡಿಯಲು ಮರಾಠವಾಡಾದಿಂದ ಬೀದರ್ ಕಡೆಗೆ ಜೋಡಿಗಳು ಬರುತ್ತವೆ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ', ಇಬ್ಬರಿಗೂ ಸೇರಿ ಒಂದೇ ಮುಂಗಡ. ಆಕೆ ಒಂದು ದಿನ ದವಾಖಾನೆಗೆ ಹೋದರೆ ಜೋಡಿಯ ಕೂಲಿಯೇ ಹೋಯಿತು. ಗದ್ದೆ ಬದಿಯ ಆ ಗುಡಿಸಲುಗಳು ನಮ್ಮ ಯಾವ ಆಶಾಳ ಪಟ್ಟಿಯಲ್ಲಿವೆ ಎಂದು ನಾವೂ ಕೇಳಿಕೊಳ್ಳಬೇಕು.

ಕಾರ್ಡು, ವಿಳಾಸ ಯಾವ ತಕರಾರೂ ಇಲ್ಲದೆ ಇಂಥವರಿಗೆ ಸಿಗಬಹುದಾದ್ದು 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ. ನಾಲ್ಕನೇ ತಿಂಗಳು ದಾಟಿದವರಿಗೆ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರೇ ನೋಡುತ್ತಾರೆ, ಪುಕ್ಕಟೆ. ಸೈಟಿನಲ್ಲಿ ಕೆಲಸ ಮಾಡುವವಳಿಗೆ ಕೂಲಿ ತಪ್ಪದೆ ಹೋಗಿಬರಲು ಆಗುವುದು ಭಾನುವಾರವೇ. 9ನೇ ತಾರೀಕು ಭಾನುವಾರ ಬಂದರೆ ನಿಯಮದ ಪ್ರಕಾರ ತಪಾಸಣೆ ಸೋಮವಾರಕ್ಕೆ ಹೋಗುತ್ತದೆ.