ಪಿಕುವಾಖ್ ನೆಫೆಶ್: ಸಬ್ಬತ್ ದಿನ ಒಳ್ಳೆಯ ಕೆಲಸ ಮಾಡಬಹುದಾ?

ಒಂದು ಗೋಡೆ ಕುಸಿದು ಬಿದ್ದಿದೆ. ಅಡಿಯಲ್ಲಿ ಯಾರೋ ಸಿಕ್ಕಿಕೊಂಡಿರಬಹುದು, ಯಾರೂ ಇಲ್ಲದೆಯೂ ಇರಬಹುದು. ಇದ್ದರೂ ಬದುಕಿದ್ದಾರೋ ಸತ್ತಿದ್ದಾರೋ ಗೊತ್ತಿಲ್ಲ. ನಮ್ಮವರೋ ಹೊರಗಿನವರೋ, ಅದೂ ಗೊತ್ತಿಲ್ಲ. ಅವತ್ತು ಯೆಹೂದ್ಯರ ವಾರದ ವಿಶ್ರಾಂತಿ ದಿನ, ಸಬ್ಬತ್ ಬೇರೆ. ಕಲ್ಲುಮಣ್ಣು ಎತ್ತಿ ಹಾಕಬಹುದಾ?

ಯೆಹೂದ್ಯರ ಕಟ್ಟಳೆಗಳ ಸಂಗ್ರಹವಾದ ಮಿಷ್ನಾದಲ್ಲಿ ಈ ಪ್ರಶ್ನೆ ಬರುತ್ತದೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಒಟ್ಟುಗೂಡಿದ ಗ್ರಂಥ ಅದು. ಉತ್ತರ ನೇರವಾಗಿದೆ: ತೆರವು ಮಾಡಿ. ಆ ಮನುಷ್ಯ ಬದುಕಿದ್ದರೆ ಪೂರ್ತಿ ಹೊರಗೆ ತನ್ನಿ. ಅಷ್ಟೊಂದು ಅನುಮಾನಗಳಿದ್ದರೂ, ಸಬ್ಬತ್ ಮುಗಿಯಲಿ ಎಂದು ಕಾಯುವಂತಿಲ್ಲ.

'ಪಿಕುವಾಖ್ ನೆಫೆಶ್' ಎಂಬ ಹೀಬ್ರೂ ಮಾತಿನ ಹಿಂದೆ ಇರುವುದು ಇದೇ ಚಿತ್ರ. ನೆಫೆಶ್ ಎಂದರೆ ಜೀವ. ಪಿಕುವಾಖ್ ಎಂದರೆ ಮುಚ್ಚಿಕೊಂಡದ್ದನ್ನು ತೆರೆಯುವುದು, ರಾಶಿಯನ್ನು ಸರಿಸುವುದು. ಬೈಬಲಿನಲ್ಲಿ ಇದೇ ಧಾತು ಕಣ್ಣು ತೆರೆಯುವುದಕ್ಕೆ ಬರುತ್ತದೆ. ಮರುಭೂಮಿಯಲ್ಲಿ ಮಗು ಬಾಯಾರಿ ಸಾಯುತ್ತದೆಂದು ಅಳುತ್ತಿದ್ದ ಹಾಗರಳ ಕಣ್ಣನ್ನು ದೇವರು ತೆರೆದಾಗ ಅವಳಿಗೆ ನೀರಿನ ಬಾವಿ ಕಂಡಿತಲ್ಲ, ಅಲ್ಲಿ ಇದೇ ಪದವಿದೆ. ಜೀವ ಉಳಿಸುವ ಕೆಲಸ ಸಬ್ಬತ್ತನ್ನು ಬದಿಗೆ ಸರಿಸುತ್ತದೆ ಎಂಬ ನಿಯಮಕ್ಕೆ ಇಂದಿಗೂ ಇದೇ ಹೆಸರು.

ಸಬ್ಬತ್ ಎಂದರೆ ಏನು? ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗಿ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗಿನ ಹೊತ್ತು. ಪದದ ಮೂಲ ಅರ್ಥ 'ನಿಲ್ಲಿಸು'. ನಿಲ್ಲಿಸಬೇಕಾದ ಕೆಲಸಕ್ಕೆ 'ಮೆಲಾಖಾ' ಎನ್ನುತ್ತಾರೆ. ಮಿಷ್ನಾ ಅಂಥ 39 ಬಗೆ ಹೇಳುತ್ತದೆ: ಬಿತ್ತುವುದು, ಕೊಯ್ಯುವುದು, ಬೀಸುವುದು, ಬೇಯಿಸುವುದು, ನೇಯುವುದು, ಬರೆಯುವುದು, ಬೆಂಕಿ ಹಚ್ಚುವುದು, ಅದನ್ನು ನಂದಿಸುವುದು, ಹೀಗೆ. ಮೈ ಎಷ್ಟು ದಣಿಯಿತು ಎಂಬುದು ಇಲ್ಲಿ ಅಳತೆಯಲ್ಲ. ದೀಪ ಹಚ್ಚುವುದು ಸುಲಭ, ಆದರೆ ಅದು ಮೆಲಾಖಾ. ಮನೆಯೊಳಗೆ ಭಾರದ ಮಂಚ ಸರಿಸಿದರೆ ಬೆನ್ನು ನೋಯುತ್ತದೆ, ಆದರೆ ಅದು ಆ 39ರಲ್ಲಿ ಬರುವುದಿಲ್ಲ.

ಹಾಗಾಗಿ ಎಷ್ಟೋ ಒಳ್ಳೆಯ ಕೆಲಸಗಳಿಗೆ ಸಬ್ಬತ್ ಅಡ್ಡ ಬರುವುದೇ ಇಲ್ಲ. ಅತಿಥಿಗೆ ಊಟ ಹಾಕಬಹುದು, ಮಕ್ಕಳಿಗೆ ಪಾಠ ಹೇಳಬಹುದು. ಹಣ ಮುಟ್ಟುವಂತಿಲ್ಲ, ಆದರೆ ಬಡವರಿಗೆ ಇಷ್ಟು ಕೊಡೋಣ ಎಂದು ಕೂತು ನಿಶ್ಚಯಿಸಬಹುದು. ತೊಡಕು ಬರುವುದು ಔಷಧಿಯ ಹತ್ತಿರ. ಹಿಂದೆ ಔಷಧಿ ಎಂದರೆ ಬೇರು ಸೊಪ್ಪು ಅರೆಯಬೇಕಿತ್ತು. ಅರೆಯುವುದು ಬೀಸುವುದರ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ಸಣ್ಣಪುಟ್ಟ ನೋವಿಗೆ ಅವತ್ತು ಔಷಧಿ ಬೇಡ ಎಂದರು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಈ ಯಾವ ತಡೆಯೂ ಇಲ್ಲ.

ಈ ತಿಳಿವಳಿಕೆ ಸುಮ್ನೆ ಬಂದದ್ದಲ್ಲ. ಕ್ರಿ.ಪೂ. 167ರ ಸುಮಾರಿಗೆ, ಯೆಹೂದ್ಯರ ನಾಡನ್ನು ಆಳುತ್ತಿದ್ದ ಗ್ರೀಕ್ ಮೂಲದ ಸೆಲ್ಯೂಸಿಡ್ ದೊರೆಯ ಸೈನ್ಯ ಅಟ್ಟಿಸಿಕೊಂಡು ಬಂದಾಗ, ಮರುಭೂಮಿಯ ಅಡಗುದಾಣಗಳಲ್ಲಿದ್ದ ಯೆಹೂದ್ಯರು ಸಬ್ಬತ್ ಎಂದು ಒಂದು ಕಲ್ಲನ್ನೂ ಎಸೆಯಲಿಲ್ಲ. ಹೆಂಗಸರು ಮಕ್ಕಳು ಸೇರಿ ಸುಮಾರು 1,000 ಜನ ಸತ್ತರು ಎಂದು ಮಕ್ಕಬಿಯರ ಮೊದಲ ಪುಸ್ತಕ ಹೇಳುತ್ತದೆ. ಸುದ್ದಿ ಕೇಳಿ ಕಣ್ಣೀರಿಟ್ಟ ದಂಗೆಯ ನಾಯಕ ಮತ್ತಥೀಯನೂ ಅವನ ಸಂಗಡಿಗರೂ ಒಂದು ತೀರ್ಮಾನಕ್ಕೆ ಬಂದರು: ಮೇಲೆ ಬಿದ್ದು ಬಂದರೆ ಸಬ್ಬತ್ತಿನಲ್ಲೂ ಎದುರಿಸಿ ನಿಲ್ಲೋಣ. ಮುಂದೆ, ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಗುರುಗಳು ಇದಕ್ಕೆ ಆಧಾರ ಹುಡುಕಿದರು. ಬೈಬಲಿನ ಯಾಜಕಕಾಂಡದಲ್ಲಿ ಆಜ್ಞೆಗಳ ಬಗ್ಗೆ 'ಅವುಗಳಿಂದ ಬದುಕುವನು' ಎಂಬ ಮಾತಿದೆ. ಬದುಕಬೇಕು ಎಂದಿದೆ, ಸಾಯಬೇಕು ಎಂದಿಲ್ಲ ಎಂದರು ಗುರು ಶ್ಮುಯೇಲ್. 12ನೇ ಶತಮಾನದ ಯೆಹೂದ್ಯ ವಿದ್ವಾಂಸ ಮೈಮೊನಿಡಿಸ್, ಸ್ವತಃ ವೈದ್ಯ, ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಇಂಥ ಹೊತ್ತಿನಲ್ಲಿ ಮಕ್ಕಳ ಕೈಯಿಂದಲೋ ಬೇರೆ ಧರ್ಮದವರ ಕೈಯಿಂದಲೋ ಕೆಲಸ ಮಾಡಿಸಬೇಡಿ, ದೊಡ್ಡ ವಿದ್ವಾಂಸರೇ ಮುಂದೆ ಬಂದು ಮಾಡಲಿ ಎಂದ. ನನಗೆ ಇದು ತುಂಬ ಇಷ್ಟ. ಜೀವ ಉಳಿಸುವುದು ತಲೆ ತಗ್ಗಿಸಿ ಮಾಡುವ ತಪ್ಪಲ್ಲ ಎಂದು ಎಲ್ಲರೂ ಕಣ್ಣಾರೆ ನೋಡಲಿ ಎಂಬ ಆಸೆ ಅದರಲ್ಲಿದೆ.

ಕನ್ನಡ ಬೈಬಲ್ ಓದಿ ಬೆಳೆದ ನಮ್ಮಂಥವರಿಗೆ ಸಬ್ಬತ್ ಎಂದರೆ ಮೊದಲು ನೆನಪಾಗುವುದು ಕೈ ಬತ್ತಿಹೋದವನ ಕಥೆ. 'ಸಬ್ಬತ್ ದಿನ ಒಳ್ಳೆಯದನ್ನು ಮಾಡುವುದು ಸರಿಯೋ, ಕೆಟ್ಟದ್ದನ್ನು ಮಾಡುವುದು ಸರಿಯೋ?' ಎಂದು ಕೇಳಿ ಯೇಸು ಅವನನ್ನು ಸಬ್ಬತ್ತಿನಲ್ಲೇ ವಾಸಿಮಾಡಿದ ಕಥೆ. ಸಂಡೇ ಸ್ಕೂಲಿನಲ್ಲಿ ಕೇಳಿದಾಗ ಎದುರಿಗಿದ್ದ ಫರಿಸಾಯರೆಲ್ಲ, ಅಂದರೆ ಕಟ್ಟಳೆಗೆ ಒತ್ತು ಕೊಡುತ್ತಿದ್ದ ಯೆಹೂದ್ಯ ಪಂಥದವರೆಲ್ಲ, ಕಲ್ಲೆದೆಯವರು ಎಂದುಕೊಂಡಿದ್ದೆ. ಅದು ನ್ಯಾಯವಲ್ಲ. 'ಸಬ್ಬತ್ ಇರುವುದು ಮನುಷ್ಯನಿಗಾಗಿ' ಎಂದ ಯೇಸುವಿನ ಮಾತಿಗೆ ತೀರಾ ಹತ್ತಿರದ ಮಾತನ್ನು ಅದೇ ಪರಂಪರೆಯ ಗುರು ರಬ್ಬಿ ಶಿಮೋನ್ ಬೆನ್ ಮೆನಸ್ಯಾ ಕೂಡ ಹೇಳಿದ್ದಾರೆ: ಸಬ್ಬತ್ತನ್ನು ನಿಮಗೆ ಕೊಟ್ಟಿದೆ, ನಿಮ್ಮನ್ನು ಸಬ್ಬತ್ತಿಗೆ ಕೊಟ್ಟಿಲ್ಲ. ನಿಜಕ್ಕೂ ಬಿಗಿಯಾಗಿದ್ದವರು ಬೇರೆ ಇದ್ದರು. ಮೃತ ಸಮುದ್ರದ ಹತ್ತಿರ ಸಿಕ್ಕ ಸುರುಳಿಗಳಲ್ಲಿ, ಗುಂಡಿಗೆ ಬಿದ್ದ ಪ್ರಾಣಿಯನ್ನು ಸಬ್ಬತ್ತಿನಲ್ಲಿ ಎತ್ತಬಾರದು ಎಂದಿದೆ. ನೀರಿಗೆ ಬಿದ್ದ ಮನುಷ್ಯನಿಗೆ ನಿನ್ನ ಬಟ್ಟೆ ಎಸೆದು ಎಳೆದುಕೋ, ಸಲಕರಣೆ ಮಾತ್ರ ತರಬೇಡ ಎಂದಿದೆ.

ಹಾಗಾದರೆ ಜಗಳ ಎಲ್ಲಿ? ಲೂಕನ ಸುವಾರ್ತೆಯಲ್ಲಿ 18 ವರ್ಷ ಬೆನ್ನು ಬಾಗಿಹೋದ ಹೆಂಗಸು ಇದ್ದಾಳೆ. ಯೇಸು ಅವಳನ್ನು ಸಬ್ಬತ್ತಿನಲ್ಲಿ ವಾಸಿಮಾಡಿದಾಗ ಸಭಾಮಂದಿರದ ಅಧಿಕಾರಿ ಸಿಟ್ಟಾಗುತ್ತಾನೆ: ಕೆಲಸಕ್ಕೆ ಆರು ದಿನ ಇವೆ, ಆಗ ಬನ್ನಿ. ಯೋಚಿಸಿದರೆ ಅವನ ಮಾತಿನಲ್ಲೂ ಅರ್ಥವಿದೆ. ಅವಳ ಜೀವಕ್ಕೆ ಅಪಾಯವಿರಲಿಲ್ಲ. 18 ವರ್ಷ ಕಾದವಳು ಸಂಜೆಯವರೆಗೆ ಕಾಯಬಾರದಾ? ಯೇಸು ಅದಕ್ಕೆ ಕೊಟ್ಟ ಉತ್ತರ ಹಗ್ಗದ ಮಾತು. ಸಬ್ಬತ್ತಿನಲ್ಲೂ ನೀವು ಎತ್ತು ಕತ್ತೆಗಳನ್ನು ಬಿಚ್ಚಿ ನೀರಿಗೆ ಕರೆದೊಯ್ಯುತ್ತೀರಿ, ಇವಳ ಕಟ್ಟನ್ನು ಬಿಚ್ಚಬಾರದಾ? ಬೈಬಲಿನ ಧರ್ಮೋಪದೇಶಕಾಂಡ ಸಬ್ಬತ್ತಿಗೆ ಕೊಡುವ ಕಾರಣವನ್ನು ಪಕ್ಕದಲ್ಲಿಟ್ಟು ಓದಿ: ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ನೀವು ದಾಸರಾಗಿದ್ದಿರಿ, ದೇವರು ಬಿಡಿಸಿದ. ಬಿಡುಗಡೆಯ ನೆನಪಿಗೆ ಇರುವ ದಿನ ಅದು. ಹಾಗಿರುವಾಗ ಅವಳ ಕಟ್ಟು ಬಿಚ್ಚುವುದಕ್ಕೆ ಅದಕ್ಕಿಂತ ತಕ್ಕ ದಿನ ಬೇರೆ ಯಾವುದು?

ಆದರೆ ಅದೇ ಅಧ್ಯಾಯದಲ್ಲಿ 'ನಿನ್ನ ದಾಸದಾಸಿಯರೂ ನಿನ್ನಂತೆ ವಿಶ್ರಮಿಸಿಕೊಳ್ಳಲಿ' ಎಂದೂ ಇದೆ. ಒಳ್ಳೆಯ ಕೆಲಸದ ಹೆಸರಿನಲ್ಲಿ ನಾವು ಮರೆಯುವುದು ಇದನ್ನೇ. ಭಾನುವಾರ ಚರ್ಚಿನಲ್ಲಿ ಪ್ರೀತಿ ಭೋಜನ ಎಂದರೆ ಎಲ್ಲರಿಗೂ ಖುಷಿ, ಆದರೆ ಬೆಳಗಿನಿಂದ ಒಲೆಯ ಮುಂದೆ ನಿಂತವರಿಗೆ ಅವತ್ತು ವಿಶ್ರಾಂತಿ ಎಲ್ಲಿಂದ ಬರಬೇಕು? ನಾಳೆಗೆ ಕಾಯಬಲ್ಲ ಒಳ್ಳೆಯ ಕೆಲಸಗಳು ಜಾಸ್ತಿಯೇ ಇವೆ, ಅಲ್ವಾ? ಜೀವದ ಕೆಲಸ ಕಾಯುವುದಿಲ್ಲ. ಜೆರುಸಲೇಮಿನಲ್ಲಿ ಶನಿವಾರ ಬೀದಿಗಳು ಖಾಲಿಯಿದ್ದರೂ ಆಂಬುಲೆನ್ಸ್ ಓಡುತ್ತದೆ. ಅದನ್ನು ಓಡಿಸುವವರಲ್ಲಿ ಸಬ್ಬತ್ತನ್ನು ಕಟ್ಟುನಿಟ್ಟಾಗಿ ಪಾಲಿಸುವವರೂ ಇದ್ದಾರೆ.

ರೋಗಿಯನ್ನು ನೋಡಲು ಸಬ್ಬತ್ತಿನಲ್ಲಿ ಹೋಗಬಹುದೇ ಎಂಬುದರ ಬಗ್ಗೆಯೂ ಹಿಂದೆ ಯೆಹೂದ್ಯ ಗುರುಗಳಲ್ಲಿ ಎರಡು ಪಂಥಗಳಿದ್ದವು. ಸಂತೋಷದ ದಿನ ದುಃಖದ ಮನೆಗೆ ಬೇಡ ಎಂದಿತು ಶಮ್ಮಾಯಿಯ ಪಂಥ. ಹೋಗಿ ಎಂದಿತು ಹಿಲ್ಲೆಲನ ಪಂಥ. ಕೊನೆಗೆ ನಿಂತದ್ದು ಹಿಲ್ಲೆಲನವರ ಮಾತೇ. ಹಾಸಿಗೆಯ ಪಕ್ಕ ಕೂತು ಏನು ಹೇಳಬೇಕೆಂದೂ ತಾಲ್ಮುದ್ ಕಲಿಸುತ್ತದೆ: "ಇವತ್ತು ಸಬ್ಬತ್, ಗೋಳಾಡುವ ಹಾಗಿಲ್ಲ. ಗುಣವಾಗುವ ದಿನ ಹತ್ತಿರವಿದೆ."