ಪದೇ ಪದೇ ಕೈಕೊಡುವ ಲ್ಯಾಪ್‌ಟಾಪ್: ದೋಷ ಯಾವ ಭಾಗದ್ದು?

ಹಾರ್ಡ್‌ವೇರ್ ರಿಪೇರಿ ಕಲಿಯುತ್ತಿರುವ ನಮ್ಮಂಥವರಿಗಾಗಿ ಬರೆದ ಟಿಪ್ಪಣಿ ಇದು. ನನ್ನ ಅಕ್ಕನ ಲ್ಯಾಪ್‌ಟಾಪನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಐದು ವರ್ಷ ಹಳೆಯದು, ನಾಲ್ಕು ನಾಲ್ಕು ಜಿಬಿಯ ಎರಡು ರ್‍ಯಾಮ್ ಇದ್ದವು. ಅಕ್ಕ ವಿಡಿಯೊ ಕಾಲ್‌ನಲ್ಲಿ ಪಾಠ ಮಾಡುವಾಗ ನಡುವೆಯೇ ದೋಷದ ಸಂದೇಶವಿರುವ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತಿತ್ತು. ಅಂಗಡಿಯವರು ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿಕೊಟ್ಟರು. ಮೂರನೇ ಸಲ, "ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಂಬಿಡಿ ಮೇಡಂ" ಅಂದರು. ನಿಜವಾಗಿ ಕೆಟ್ಟಿದ್ದು ಒಂದು ರ್‍ಯಾಮ್ ಮಾತ್ರ. ಇಷ್ಟು ಸಣ್ಣ ಭಾಗಕ್ಕಾಗಿ ಇಡೀ ಯಂತ್ರವನ್ನೇ ಮೂಲೆಗೆ ಹಾಕುವುದು ನೋಡಿದಾಗ ನನಗೆ ಸಂಕಟವಾಗುತ್ತದೆ.

ಮೊದಲ ಕೆಲಸ ಬ್ಯಾಕಪ್. ಡಿಸ್ಕೇ ಕೆಟ್ಟಿದ್ದರೆ ನಾವು ಮಾಡುವ ಪರೀಕ್ಷೆಯೇ ಅದರ ಕೊನೆಯ ಓಟವಾಗಬಹುದು. ಬೇರೇನೂ ಮುಟ್ಟುವ ಮೊದಲು ಫೈಲುಗಳನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿ.

ಎರಡನೆಯದು, ಲ್ಯಾಪ್‌ಟಾಪ್ ಹೇಗೆ ನಿಲ್ಲುತ್ತದೆ ಎಂದು ಗಮನಿಸುವುದು. ದೀಪ ಆರಿಸಿದಂತೆ ಒಮ್ಮೆಲೇ ಕಪ್ಪಾದರೆ ಅನುಮಾನ ಬಿಸಿಯ ಮೇಲೆ ಅಥವಾ ಕರೆಂಟಿನ ದಾರಿಯ ಮೇಲೆ. ನೀಲಿ ಪರದೆ ಬಂದರೆ ರ್‍ಯಾಮ್, ಡಿಸ್ಕ್, ಪ್ರೊಸೆಸರ್, ಡ್ರೈವರ್ (ಹಾರ್ಡ್‌ವೇರ್ ನಡೆಸುವ ತಂತ್ರಾಂಶ) ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೌಸ್ ಓಡಾಡುತ್ತಿದ್ದರೂ ಯಾವ ಫೈಲೂ ತೆರೆಯದೆ ನಿಮಿಷಗಟ್ಟಲೆ ಹ್ಯಾಂಗ್ ಆಗಿ ಆಮೇಲೆ ಬಿದ್ದರೆ ಡಿಸ್ಕನ್ನು ಮೊದಲು ನೋಡಿ. ಅಕ್ಕನ ಹತ್ತಿರ ಒಂದು ಪುಸ್ತಕ ಕೊಟ್ಟು ಒಂದು ವಾರ ಬರೆಸಿದೆ: ಎಷ್ಟು ಹೊತ್ತಿಗೆ ನಿಂತಿತು, ಚಾರ್ಜರ್ ಹಾಕಿತ್ತೇ, ಫ್ಯಾನ್ ಜೋರಾಗಿ ತಿರುಗುತ್ತಿತ್ತೇ, ಏನು ಕೆಲಸ ನಡೆಯುತ್ತಿತ್ತು. ಆರು ಸಲ ನಿಂತಿತ್ತು. ಆರೂ ಸಲ ಶುರು ಮಾಡಿ ಅರ್ಧ ಗಂಟೆಯಾದ ಮೇಲೆಯೇ.

ಇನ್ನು ದಾಖಲೆ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ 'ಕರ್ನಲ್ ಪವರ್ 41' ಹುಡುಕಿ. ಇದನ್ನು ಕಂಡೊಡನೆ "ಪವರ್ ಸಪ್ಲೈ ದೋಷ" ಎಂದು ತೀರ್ಮಾನಿಸುವವರು ಬಹಳ. ನಾನೂ ಮೊದಲು ಹಾಗೇ ತಿಳಿದಿದ್ದೆ. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂಬುದಷ್ಟೇ ಅದರ ಅರ್ಥ. ಸುಳಿವು ಇರುವುದು ಅದರ ವಿವರದೊಳಗಿನ 'ಬಗ್‌ಚೆಕ್ ಕೋಡ್' ಸಾಲಿನಲ್ಲಿ. ಅಲ್ಲಿ ಸೊನ್ನೆ ಇದ್ದರೆ ನೀಲಿ ಪರದೆಯ ಕೋಡ್ ದಾಖಲಾಗಿಲ್ಲ ಎಂದರ್ಥ: ಕರೆಂಟ್ ತಪ್ಪಿರಬಹುದು, ಬಿಸಿಗೆ ಆಫ್ ಆಗಿರಬಹುದು, ಪೂರ್ತಿ ಹ್ಯಾಂಗ್ ಆಗಿ ನಾವೇ ಬಟನ್ ಒತ್ತಿರಬಹುದು. ಸಂಖ್ಯೆ ಇದ್ದರೆ ಅದು ದಶಮಾನ ಪದ್ಧತಿಯಲ್ಲಿರುತ್ತದೆ. ಕೋಡ್‌ಗಳ ಪಟ್ಟಿಗಳು ಹದಿನಾರರ (ಹೆಕ್ಸಾಡೆಸಿಮಲ್) ಪದ್ಧತಿಯಲ್ಲಿರುವುದರಿಂದ ಬಹಳ ಜನ ಇಲ್ಲಿ ದಾರಿ ತಪ್ಪುತ್ತಾರೆ. ಕ್ಯಾಲ್ಕ್ಯುಲೇಟರ್‌ನ ಪ್ರೋಗ್ರಾಮರ್ ಮೋಡ್‌ನಲ್ಲಿ ಬದಲಾಯಿಸಿಕೊಳ್ಳಿ. 26 ಎಂದರೆ ಮೆಮೊರಿ ಮ್ಯಾನೇಜ್‌ಮೆಂಟ್ ದೋಷ. 122 ಬಂದರೆ ಡಿಸ್ಕಿನಿಂದ ಮೆಮೊರಿಗೆ ಓದುವಾಗ ತಪ್ಪಾಗಿದೆ. 278 ಗ್ರಾಫಿಕ್ಸ್ ಕಡೆಯದು. 292 ಎಂದರೆ ಸರಿಪಡಿಸಲಾಗದ ಹಾರ್ಡ್‌ವೇರ್ ದೋಷವನ್ನು ವ್ಯವಸ್ಥೆಯೇ ವರದಿ ಮಾಡಿದೆ.

ಅಕ್ಕನದರಲ್ಲಿ ಒಂದು ದಿನ 26, ಇನ್ನೊಂದು ದಿನ 80, ಮತ್ತೊಂದು ದಿನ ಬೇರೆ. ಪ್ರತಿಸಲ ಒಂದೇ ಕೋಡ್, ಒಂದೇ ಡ್ರೈವರ್ ಹೆಸರು ಬಂದಿದ್ದರೆ ನಾನು ಡ್ರೈವರ್ ಹಿಂದೆ ಹೋಗುತ್ತಿದ್ದೆ. ಸಲಕ್ಕೊಂದು ಕೋಡ್ ಬರುವುದು ರ್‍ಯಾಮ್ ಕೆಟ್ಟಿರುವುದರ ಸಾಮಾನ್ಯ ಲಕ್ಷಣ. ಡೇಟಾ ಹಿಡಿದಿಡುವ ಸಣ್ಣ ಕೋಶಗಳಲ್ಲಿ ಕೆಟ್ಟದ್ದು ಇರುವುದು ಒಂದೇ ಜಾಗದಲ್ಲಿ, ಆದರೆ ಆ ಜಾಗದಲ್ಲಿ ಇಂದು ಬ್ರೌಸರ್‌ನ ಡೇಟಾ ಕೂತಿರುತ್ತದೆ, ನಾಳೆ ಯಾವುದೋ ಡ್ರೈವರ್‌ನದು. ಯಾರ ಡೇಟಾ ಹಾಳಾಯಿತು ಎಂಬುದರ ಮೇಲೆ ಕೋಡ್ ಬದಲಾಗುತ್ತದೆ.

ವಿಂಡೋಸ್‌ನದೇ ಮೆಮೊರಿ ಪರೀಕ್ಷೆ ಓಡಿಸಿದೆ. ದೋಷವಿಲ್ಲ ಎಂದಿತು! ಇಲ್ಲಿಗೇ ನಿಲ್ಲಿಸಬೇಡಿ. ರ್‍ಯಾಮ್‌ನ ಪ್ರತಿ ಕೋಶವೂ ಸಣ್ಣದೊಂದು ವಿದ್ಯುತ್ ಆವೇಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಸೋರುತ್ತಲೇ ಇರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಮತ್ತೆ ತುಂಬಬೇಕು. ಬಿಸಿಯೇರಿದಷ್ಟೂ ಸೋರಿಕೆ ಹೆಚ್ಚು. ಹಾಗಾಗಿ ಬೆಳಗ್ಗೆ ತಣ್ಣಗಿದ್ದಾಗ ಪಾಸಾದ ದುರ್ಬಲ ಕೋಶ ಅರ್ಧ ಗಂಟೆಯ ಬಿಸಿಯಲ್ಲಿ ಸೋಲಬಹುದು. ಅಕ್ಕನ ಪುಸ್ತಕದ "ಅರ್ಧ ಗಂಟೆಯಾದ ಮೇಲೆ" ಎಂಬ ಸಾಲಿನ ಬೆಲೆ ನನಗೆ ಗೊತ್ತಾಗಿದ್ದು ಆಗ.

ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಪ್ಲಸ್ ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶ ಹಾಕಿ ರಾತ್ರಿಯಿಡೀ ಬಿಟ್ಟೆ. ಮೊದಲ ಎರಡು ಸುತ್ತು ಶುದ್ಧ, ಮೂರನೆಯದರಲ್ಲಿ ಕೆಂಪು ಸಾಲುಗಳು. ಈ ಪರೀಕ್ಷೆಯಲ್ಲಿ ಒಂದೇ ಒಂದು ಎರರ್ ಬಂದರೂ ನಿರ್ಲಕ್ಷಿಸುವಂತಿಲ್ಲ. ಆದರೆ ತಪ್ಪು ರ್‍ಯಾಮ್‌ನದೋ ಅದನ್ನು ಕೂರಿಸುವ ಸ್ಲಾಟ್‌ನದೋ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಅದಕ್ಕೆ ಅದಲುಬದಲು ಮಾಡಬೇಕು. ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರ್ ಬಿಡಿಸಿ, ಮೈಯ ಸ್ಥಾಯಿ ವಿದ್ಯುತ್ ಇಳಿಯಲು ಅರ್ಥಿಂಗ್ ಇರುವ ಲೋಹ ಮುಟ್ಟಿ ಕೆಲಸ ಶುರು ಮಾಡಿ. ಮೊದಲ ರ್‍ಯಾಮ್ ಒಂದನ್ನೇ ಒಂದನೇ ಸ್ಲಾಟ್‌ಗೆ ಹಾಕಿ ಪರೀಕ್ಷಿಸಿದೆ, ಶುದ್ಧ. ಅದೇ ಸ್ಲಾಟ್‌ಗೆ ಎರಡನೇ ರ್‍ಯಾಮ್ ಹಾಕಿದರೆ ಎರರ್. ಎರಡನೇ ಸ್ಲಾಟ್‌ನಲ್ಲೂ ಅದೇ ಕಥೆ. ಎರರ್ ರ್‍ಯಾಮ್‌ನ ಬೆನ್ನು ಹತ್ತಿ ಹೋಯಿತು, ಸ್ಲಾಟ್‌ನಲ್ಲಿ ಉಳಿಯಲಿಲ್ಲ. ಅದರ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಮತ್ತೊಮ್ಮೆ ನೋಡಿದೆ, ಫಲವಿಲ್ಲ. ಮಂಗಳೂರು, ಉಡುಪಿ ಕಡೆಯ ತೇವದ ಗಾಳಿಯಲ್ಲಿ ಬಳಸಿದ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಈ ಒರೆಸುವಿಕೆಯೇ ಸಾಕಾಗುತ್ತದೆ, ಆದ್ದರಿಂದ ಬಿಡಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇರೆ ರ್‍ಯಾಮ್ ತಂದೆವು. ಲ್ಯಾಪ್‌ಟಾಪಿನ ಡಿಡಿಆರ್4 ಪೀಳಿಗೆಯ ರ್‍ಯಾಮ್‌ಗೆ 260 ಪಿನ್, ಹಿಂದಿನ ಡಿಡಿಆರ್3ಕ್ಕೆ 204. ಹಳೆಯದನ್ನು ಕೈಯಲ್ಲೇ ಒಯ್ದರೆ ತಪ್ಪು ಖರೀದಿ ಆಗುವುದಿಲ್ಲ.

ನಿಮ್ಮ ಮುಂದಿರುವ ಯಂತ್ರ ಒಮ್ಮೆಲೇ ಕಪ್ಪಾಗುವ ಜಾತಿಯದಾದರೆ ತಾಪಮಾನ ನೋಡಿ. ಇಂಟೆಲ್‌ನ ಅನೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಸೆಲ್ಸಿಯಸ್. ಅದರ ಹತ್ತಿರ ಬಂದಾಗ ವೇಗ ಇಳಿಸಿಕೊಳ್ಳುತ್ತವೆ, ಅದಕ್ಕೂ ಬಗ್ಗದೆ ಬಿಸಿ ಏರಿದರೆ ತಾವೇ ಆಫ್ ಆಗುತ್ತವೆ. ಹೊರಗಿನ ಜಾಲರಿ ಚೊಕ್ಕಟವಾಗಿ ಕಂಡರೂ ಫ್ಯಾನಿಗೂ ಬಿಸಿ ಹೊರಹಾಕುವ ಹೀಟ್ ಸಿಂಕ್‌ನ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಬಿಚ್ಚಿಯೇ ತೆಗೆಯಬೇಕು. ಬಿಸಿ ಇಲ್ಲವೆಂದಾದರೆ ಬರೀ ಬ್ಯಾಟರಿಯಲ್ಲಿ ಒಂದು ದಿನ, ಚಾರ್ಜರ್ ಹಾಕಿ ಒಂದು ದಿನ ಓಡಿಸಿ ಹೋಲಿಸಿ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಬ್ಯಾಟರಿ ಊದಿರುವ ಸಾಧ್ಯತೆ ಹೆಚ್ಚು. ಕೂಡಲೇ ಬಳಕೆ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ.

ಡಿಸ್ಕಿನ ವಿಷಯ ಚುಟುಕಾಗಿ: ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ (S.M.A.R.T.) ವರದಿಯಲ್ಲಿ 5, 197, 198 ಸಂಖ್ಯೆಯ ಸಾಲುಗಳ ಎಣಿಕೆ ಏರುತ್ತಿದ್ದರೆ ಡಿಸ್ಕ್ ಬದಲಿಸಿ. ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿ ಆದರೆ 'ಮೀಡಿಯಾ ಎರರ್ಸ್' ನೋಡಿ. ಪೆನ್‌ಡ್ರೈವ್‌ನಿಂದ ಉಬುಂಟು ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಓಡಿಸಿದಾಗಲೂ ಯಂತ್ರ ಬಿದ್ದರೆ ನಿಮ್ಮ ವಿಂಡೋಸ್ ಮೇಲಿನ ಅನುಮಾನ ಬಹುಪಾಲು ಕಳೆಯಿತು.

ಇಷ್ಟೆಲ್ಲ ಆದ ಮೇಲೂ ಬೋರ್ಡ್ ಮೇಲೇ ಅನುಮಾನ ಉಳಿದರೆ ಚಿಪ್ ಮಟ್ಟದ ರಿಪೇರಿಯವರ ಹತ್ತಿರ ಒಯ್ಯಿರಿ. "ಹ್ಯಾಂಗ್ ಆಗುತ್ತೆ" ಎಂದಷ್ಟೇ ಹೇಳಿ ಬರಬೇಡಿ. "ಎರಡನೇ ಸ್ಲಾಟ್‌ಗೆ ಯಾವ ರ್‍ಯಾಮ್ ಹಾಕಿದರೂ ಎರರ್, ಒಂದನೆಯದರಲ್ಲಿ ಎರಡೂ ಸರಿ, ಬಿಸಿಯಾದ ಮೇಲೆ ಮಾತ್ರ" ಎಂಬಂತೆ ನಿಮಗೆ ಕಂಡದ್ದನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿ ಕೊಡಿ.