ದಾನಿಗೆ ಲಸಿಕೆ ಆಗಿದ್ದರೆ ಅವರ ರಕ್ತ ತೆಗೆದುಕೊಳ್ಳಬಹುದಾ? – ಒಂದು ಅಧ್ಯಯನ ಟಿಪ್ಪಣಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುತ್ತಿರುವ ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ. ನಮ್ಮ ಪುಸ್ತಕ ಇಂಗ್ಲಿಷಿನದ್ದು, ಕ್ಲಾಸಿನ ಮಾತು ಮಲಯಾಳ. ಆದರೆ ಪೆರ್ಲದ ಅಜ್ಜಿಯೊಬ್ಬರು ವಾರ್ಡಿನಲ್ಲಿ "ಕೊರೊನಾ ಇಂಜೆಕ್ಷನ್ ಆದವರ ರಕ್ತ ನಮ್ಮ ಪುಳ್ಳಿಗೆ (ಮೊಮ್ಮಗುವಿಗೆ) ಬೇಡ ಮಾರಾಯ್ತಿ" ಎಂದರೆ ನಾವು ಕನ್ನಡದಲ್ಲೇ ವಿವರಿಸಬೇಕಲ್ವಾ?

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಿ. ರೋಗಿಯ ಮನೆಯವರು ಕೇಳುವುದು "ಲಸಿಕೆ ಆಗಿದೆಯಾ, ಇಲ್ವಾ?" ಎಂದು. ಬ್ಲಡ್ ಬ್ಯಾಂಕಿನವರು ದಾನಿಯನ್ನು ಕೇಳುವುದು "ಯಾವ ಲಸಿಕೆ, ಯಾವತ್ತು?" ಎಂದು. ಎರಡನೆಯದಕ್ಕೆ ಗಟ್ಟಿ ಕಾರಣಗಳಿವೆ. ಮೊದಲನೆಯದಕ್ಕೆ ಇಲ್ಲ. ರಕ್ತದ ಚೀಲದ ಲೇಬಲ್‌ನಲ್ಲಿ ಗುಂಪು, ಸಂಗ್ರಹಿಸಿದ ದಿನ, ಅವಧಿ ಮುಗಿಯುವ ದಿನ ಇರುತ್ತವೆ. ಲಸಿಕೆಯ ವಿಷಯ ಇರುವುದಿಲ್ಲ.

ಲಸಿಕೆ ಆದ ಮೇಲೆ ರಕ್ತ ಕೊಡಲು ದಾನಿ ಎಷ್ಟು ದಿನ ಕಾಯಬೇಕು ಎಂಬುದನ್ನು ರಾಷ್ಟ್ರೀಯ ರಕ್ತ ವರ್ಗಾವಣೆ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಸತ್ತ ರೋಗಾಣುವಿನ ಅಥವಾ ಅದರ ತುಣುಕಿನ ಲಸಿಕೆಯಾದರೆ 14 ದಿನ. ಟಿಟಿ (ಧನುರ್ವಾಯು ತಡೆಯುವ ಇಂಜೆಕ್ಷನ್), ಫ್ಲೂ ಇಂಜೆಕ್ಷನ್, ಮೆನಿಂಜೈಟಿಸ್ ಲಸಿಕೆ ಈ ಗುಂಪಿನವು. ಶಕ್ತಿ ಕುಂದಿಸಿದ ಜೀವಂತ ರೋಗಾಣುವಿನ ಲಸಿಕೆಯಾದರೆ 28 ದಿನ. ದಡಾರ, ಹಳದಿ ಜ್ವರ, ಬಾಯಿಗೆ ಹಾಕುವ ಪೋಲಿಯೊ ಹನಿ ಇದರಲ್ಲಿ ಬರುತ್ತವೆ. ನಮ್ಮ ಜಿಲ್ಲೆಗೆ ಇದು ಬರೀ ಪರೀಕ್ಷೆಯ ಪ್ರಶ್ನೆ ಅಲ್ಲ. ಹಜ್‌ಗೆ ಹೊರಟವರು ಮೆನಿಂಜೈಟಿಸ್ ಇಂಜೆಕ್ಷನ್ ಜೊತೆಗೆ ಪೋಲಿಯೊ ಹನಿಯನ್ನೂ ಹಾಕಿಸಿಕೊಳ್ಳುತ್ತಾರೆ. ಎರಡೂ ಒಂದೇ ದಿನ ಆಗಿದ್ದರೆ ದೊಡ್ಡ ಅವಧಿಯನ್ನೇ ಹಿಡಿಯಬೇಕು, ಅಂದರೆ 28 ದಿನ. ಕೆಲಸಕ್ಕೆಂದು ಆಫ್ರಿಕಾಕ್ಕೆ ಹೋಗುವವರ ಹಳದಿ ಜ್ವರದ ಲಸಿಕೆಯನ್ನೂ ಕೇಳಲು ಮರೆಯಬೇಡಿ.

ಜೀವಂತ ಲಸಿಕೆಗೆ ಇಷ್ಟು ಎಚ್ಚರಿಕೆ ಏಕೆ? ಆ ವೈರಸ್ ಸ್ವಲ್ಪ ದಿನ ದಾನಿಯ ರಕ್ತದಲ್ಲಿ ಓಡಾಡಬಹುದು. 2009ರಲ್ಲಿ ಅಮೆರಿಕದಲ್ಲಿ ಹಾಗೇ ಆಯಿತು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ನಾಲ್ಕೇ ದಿನ ಆಗಿದ್ದ ಸೈನಿಕರು ರಕ್ತ ಕೊಟ್ಟರು. ಅದನ್ನು ಪಡೆದ ಕೆಲವು ರೋಗಿಗಳ ದೇಹದಲ್ಲಿ ಲಸಿಕೆಯ ವೈರಸ್ಸಿಗೆ ಪ್ರತಿಕಾಯ (ರೋಗಾಣುವನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನ್) ಕಾಣಿಸಿಕೊಂಡಿತು. ಅಂದರೆ ಜನರ ಅನುಮಾನ ಪೂರ್ತಿ ಗಾಳಿಮಾತಲ್ಲ. ಅದರಲ್ಲಿರುವ ನಿಜದ ಪಾಲನ್ನು ಈ ಕಾಯುವ ಅವಧಿ ನೋಡಿಕೊಳ್ಳುತ್ತದೆ. ವಾರ್ಡಿನಲ್ಲಿ ಈ ಮಾತನ್ನು ಮುಚ್ಚಿಡಬಾರದು ಅನ್ನುವುದು ನನ್ನ ಅಭಿಪ್ರಾಯ. "ಏನೂ ಇಲ್ಲ, ಸುಮ್ನಿರಿ" ಅಂದರೆ ಅನುಮಾನ ಜಾಸ್ತಿಯಾಗುತ್ತದೆ ಅಷ್ಟೆ.

ಸತ್ತ ರೋಗಾಣುವಿನ ಲಸಿಕೆಗೂ 14 ದಿನ ಕಾಯುವುದೇಕೆ ಎಂದು ಕೇಳಬಹುದು. ಲಸಿಕೆಯ ನಂತರ ಮೈ ಬಿಸಿಯಾದರೆ ಅದು ಲಸಿಕೆಯ ಜ್ವರವೋ, ಬೇರೆ ಸೋಂಕಿನ ಜ್ವರವೋ ಆ ಹೊತ್ತಿಗೆ ಗೊತ್ತಾಗುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆಯಲ್ಲಿ ಇನ್ನೊಂದು ತಕರಾರಿದೆ. ಲಸಿಕೆಯಲ್ಲಿರುವುದು ಆ ವೈರಸ್ಸಿನ ಮೇಲ್ಮೈಯ ಪ್ರೋಟೀನ್. ಬ್ಲಡ್ ಬ್ಯಾಂಕಿನ ಪರೀಕ್ಷೆ ಹುಡುಕುವುದೂ ಅದನ್ನೇ. ಬೇಗ ರಕ್ತ ಕೊಟ್ಟರೆ ಆರೋಗ್ಯವಂತ ದಾನಿಗೂ ಪಾಸಿಟಿವ್ ಬಂದು, ಚೀಲ ಬಿಸಾಡಬೇಕಾಗುತ್ತದೆ. ದಾನಿಗೆ ನಿದ್ದೆಯೂ ಹೋಗುತ್ತದೆ.

ನಾಯಿ ಕಚ್ಚಿ ರೇಬಿಸ್ ಲಸಿಕೆ ಹಾಕಿಸಿಕೊಂಡವರಿಗೆ 1 ವರ್ಷ. ಇಲ್ಲಿ ಭಯ ಲಸಿಕೆಯದ್ದಲ್ಲ, ಕಡಿತದ್ದು. ಹಾವು ಕಚ್ಚಿ ಆ್ಯಂಟಿ ವೆನಮ್ ಪಡೆದವರಿಗೆ 28 ದಿನ. ಅಡಿಕೆ ತೋಟದ ನಮ್ಮ ಊರುಗಳಲ್ಲಿ ಈ ಎರಡು ಪ್ರಶ್ನೆಗಳನ್ನು ಬಾಯಲ್ಲೇ ಕೇಳಿ. ಮಲಯಾಳದ ಫಾರ್ಮ್ ಓದಲು ಬಾರದವರು ಎಲ್ಲದಕ್ಕೂ "ಇಲ್ಲ" ಎಂದು ಗುರುತು ಹಾಕಿ ಸಹಿ ಮಾಡುವುದುಂಟು.

ಈಗ ಕೋವಿಡ್ ಲಸಿಕೆ. 2021ರ ಮಾರ್ಚ್‌ನಲ್ಲಿ ಮಂಡಳಿ ಕೊನೆಯ ಡೋಸ್ ಆಗಿ 28 ದಿನ ಕಾಯಬೇಕು ಎಂದಿತ್ತು. ಮೇ 1ರಿಂದ 18 ದಾಟಿದವರಿಗೆಲ್ಲ ಲಸಿಕೆ ಶುರುವಾಯಿತು. ರಕ್ತದಾನ ಕ್ಯಾಂಪಿಗೆ ಬರುವ ಹುಡುಗ ಹುಡುಗಿಯರೆಲ್ಲ ಎರಡು ಡೋಸ್ ಮುಗಿಸಿ, ಮತ್ತೆ ಒಂದು ತಿಂಗಳು ಕಾಯುತ್ತಾ ಕೂತರೆ ಬ್ಲಡ್ ಬ್ಯಾಂಕ್ ಖಾಲಿ. ಅದೇ ಮೇ ತಿಂಗಳಲ್ಲಿ ನಿಯಮ ಬದಲಾಯಿತು: ಪ್ರತಿ ಡೋಸ್ ಆಗಿ 14 ದಿನ ಸಾಕು. ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡದ್ದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್. ಕೋವ್ಯಾಕ್ಸಿನ್‌ನಲ್ಲಿರುವುದು ಸತ್ತ ವೈರಸ್. ಕೋವಿಶೀಲ್ಡ್‌ನದ್ದು ದೇಹದೊಳಗೆ ಮರಿ ಹಾಕಲಾರದಂತೆ ಮಾಡಿದ ಅಡೆನೊವೈರಸ್ (ನೆಗಡಿ ತರುವ ಜಾತಿಯ ವೈರಸ್). ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಎಂಆರ್‌ಎನ್‌ಎ (ವೈರಸ್ಸಿನ ಪ್ರೋಟೀನ್ ತಯಾರಿಸಲು ದೇಹಕ್ಕೆ ಕೊಡುವ ಸೂಚನೆ) ಹೆದರಿಕೆ ಹೆಚ್ಚಾಗಿ ಹೊರದೇಶದ ಲಸಿಕೆಗಳ ಕಥೆ.

"ಇರಲಿ, ನಮ್ಮ ಮನೆಯವರದ್ದೇ ರಕ್ತ ಹಾಕಿ" ಅನ್ನುವವರಿದ್ದಾರೆ. ಕೇಳಲು ಸರಿ ಅನ್ನಿಸುತ್ತದೆ, ಆದರೆ ಇದರಲ್ಲೇ ಒಂದು ಅಪಾಯವಿದೆ. ಹತ್ತಿರದ ರಕ್ತಸಂಬಂಧಿಯ ಬಿಳಿ ರಕ್ತಕಣಗಳು ರೋಗಿಯದ್ದನ್ನು ಎಷ್ಟು ಹೋಲುತ್ತವೆಂದರೆ, ರೋಗಿಯ ದೇಹ ಅವನ್ನು ಹೊರಗಿನವು ಎಂದು ಗುರುತಿಸದೆ ಬಿಟ್ಟುಬಿಡಬಹುದು. ಆಮೇಲೆ ಆ ಕಣಗಳೇ ರೋಗಿಯ ಚರ್ಮ, ಕರುಳು, ಮಜ್ಜೆಯ ಮೇಲೆ ದಾಳಿ ಮಾಡುತ್ತವೆ. ಅಪರೂಪ, ಆದರೆ ಬಂದರೆ ಬದುಕುವವರು ಬಹಳ ಕಡಿಮೆ. ಅದಕ್ಕೇ ಆ ಬಿಳಿ ಕಣಗಳು ಹೆಚ್ಚದಂತೆ ಸಂಬಂಧಿಕರ ರಕ್ತಕ್ಕೆ ಮೊದಲು ವಿಕಿರಣ ಹಾಯಿಸಬೇಕು. ಆ ಯಂತ್ರ ಎಲ್ಲ ಕಡೆ ಇರುವುದಿಲ್ಲ. ಇನ್ನು ಮನೆಯವರ ಒತ್ತಾಯಕ್ಕೆ ಬಂದ ದಾನಿ ತನ್ನ ಗುಟ್ಟಿನ ಕಾಯಿಲೆಯನ್ನು ಮಾವನ ಎದುರು ಹೇಳುತ್ತಾನಾ?

ಈ ಹಟ ಕೋರ್ಟಿನವರೆಗೂ ಹೋಗಿದೆ. ನ್ಯೂಜಿಲೆಂಡಿನಲ್ಲಿ ಹೃದಯದ ಆಪರೇಷನ್ ಬೇಕಿದ್ದ ಹಸುಗೂಸಿಗೆ ಲಸಿಕೆ ಪಡೆದವರ ರಕ್ತ ಬೇಡ ಎಂದು ಹೆತ್ತವರು ಪಟ್ಟು ಹಿಡಿದರು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ಆ ಚಿಕಿತ್ಸೆಯ ಮಟ್ಟಿಗೆ ಮಗುವಿನ ಹೊಣೆಯನ್ನು ವೈದ್ಯರಿಗೆ ವಹಿಸಿತು. ಆಪರೇಷನ್ ಆಯಿತು.

ಇನ್ನೊಂದು ವಿಷಯವನ್ನು ಮನೆಯವರು ಯಾರೂ ಕೇಳುವುದಿಲ್ಲ, ನಾವೇ ಹೇಳಬೇಕು. ದಾನಿಯ ರಕ್ತದ ಜೊತೆ ಅವರ ಪ್ರತಿಕಾಯಗಳೂ ಬರುತ್ತವೆ. ಅವು ಕೆಡುಕು ಮಾಡುವುದಿಲ್ಲ, ಕೆಲವು ತಿಂಗಳಲ್ಲಿ ಕರಗುತ್ತವೆ. ಆದರೆ ಅಷ್ಟರೊಳಗೆ ಮಗುವಿಗೆ ದಡಾರದ ಲಸಿಕೆ ಹಾಕಿದರೆ, ಆ ಪ್ರತಿಕಾಯಗಳು ಲಸಿಕೆಯ ವೈರಸ್ಸನ್ನು ಹಿಡಿದು ಹಾಕಿ ಲಸಿಕೆ ನಾಟದಂತೆ ಮಾಡಬಹುದು. ಕೆಂಪು ರಕ್ತಕಣ ಕೊಟ್ಟಿದ್ದರೆ 6 ತಿಂಗಳು, ಪ್ಲಾಸ್ಮಾ ಅಥವಾ ಪ್ಲೇಟ್‌ಲೆಟ್ ಕೊಟ್ಟಿದ್ದರೆ 7 ತಿಂಗಳು ತಡೆಯಿರಿ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಮಂಗಳೂರಿನಲ್ಲಿ ರಕ್ತ ಹಾಕಿಸಿಕೊಂಡ ಮಗುವಿಗೆ ಲಸಿಕೆ ಕೊಡುವವರು ಊರಿನ ಆರೋಗ್ಯ ಕೇಂದ್ರದವರು. ಡಿಸ್ಚಾರ್ಜ್ ಚೀಟಿಯಲ್ಲಿ ರಕ್ತ ಕೊಟ್ಟ ತಾರೀಖು ಇದೆಯಾ ನೋಡಿ, ಅದನ್ನು ಲಸಿಕೆ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಲು ತಾಯಿಗೆ ಹೇಳಿ.